ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಕೆಲಸ

(ಮಧುಗಿರಿಯಲ್ಲಿ ಸೇರಿದ್ದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕಾರ್ಯಕರ್ತರ ಸಭೆಯಲ್ಲಿ ಪಕ್ಷದ ಸಂಘಟಕರೊಬ್ಬರು ಮಾಡಿದ ಭಾಷಣ)



ಬೆಳಗಿನಿಂದ ಇಲ್ಲಿ ಮಾತನಾಡಿದವರೆಲ್ಲರೂ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಆಡಿದ್ದೀರಿ. ಇದು ಅವರ ಕೋಟೆ, ಇಲ್ಲಿ ನಮ್ಮದೇನೂ ನಡೆಯುವುದಿಲ್ಲ ಎಂಬುದು ಆ ಮಾತು. ಎಣ್ಣೆ ಗಿರಣಿಯ ಗೆಳೆಯರೊಬ್ಬರಂತೂ "ಬಂಡೆಯ ಮೇಲೆ ಬಿತ್ತೋದಕ್ಕೆ ಕರೀತಿದ್ದೀರಿ, ಮೇಷ್ಟ್ರೇ" ಎಂದುಬಿಟ್ಟರು. ಅವರ ಮಾತಿಗೆ ಆಧಾರವಿಲ್ಲದೆ ಇಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ನಾಲ್ಕು ಕ್ಷೇತ್ರಗಳೂ ಕಾಂಗ್ರೆಸ್ಸಿಗೆ ಹೋದವು. ಮರುವರ್ಷ ಲೋಕಸಭೆಗೆ ತುಮಕೂರು, ಚಿತ್ರದುರ್ಗ ಎರಡೂ ಭಾರತೀಯ ಜನತಾ ಪಕ್ಷಕ್ಕೆ ಹೋದವು. ನಮ್ಮ ಹೆಸರು ಎಲ್ಲಿಯೂ ಇಲ್ಲ.

ಆದರೆ ಕೋಟೆ ಎಂಬ ಮಾತನ್ನು ನಾನು ಒಪ್ಪಲಾರೆ. ಮಧುಗಿರಿ ಕ್ಷೇತ್ರವನ್ನೇ ನೋಡಿ. 2008ರಲ್ಲಿ ಜನತಾದಳ, 2013ರಲ್ಲಿ ಕಾಂಗ್ರೆಸ್ಸು, 2018ರಲ್ಲಿ ಮತ್ತೆ ಜನತಾದಳ, 2023ರಲ್ಲಿ ಮತ್ತೆ ಕಾಂಗ್ರೆಸ್ಸು. ಐದು ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಕೋಟೆ ಎಂಥ ಕೋಟೆ? ಕೊರಟಗೆರೆಯಲ್ಲಿ ಜಿ. ಪರಮೇಶ್ವರರು ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದಾಗಲೇ, 2013ರಲ್ಲಿ, ಸೋತರು. ಮತದಾರ ನಿದ್ದೆ ಮಾಡುತ್ತಿಲ್ಲ, ಬಂಧುಗಳೇ. ಅವನ ಮುಂದಿರುವುದು ಎರಡೋ ಮೂರೋ ಬಾಗಿಲು. ನಾಲ್ಕನೆಯದನ್ನು ನಾವು ಇಟ್ಟೇ ಇಲ್ಲ.

ಒಂದು ಕಾಲದಲ್ಲಿ ಇಟ್ಟಿದ್ದೆವು. 1967ರಲ್ಲಿ ತುಮಕೂರಿನಿಂದ ಲೋಕಸಭೆಗೆ ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಕೆ. ಲಕ್ಕಪ್ಪನವರು. ಅದೇ ವರ್ಷ ಮೈಸೂರು ವಿಧಾನಸಭೆಯಲ್ಲಿ ಪ್ರಜಾ ಸೋಷಲಿಸ್ಟರು 20 ಮಂದಿ, ಸಂಯುಕ್ತ ಸೋಷಲಿಸ್ಟರು 6 ಮಂದಿ ಇದ್ದರು. ಆಮೇಲೆ ಆದದ್ದೇನು? 1971ರಲ್ಲಿ ಅದೇ ಲಕ್ಕಪ್ಪನವರು ಅದೇ ಕ್ಷೇತ್ರದಿಂದ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಗೆದ್ದರು. ಮನುಷ್ಯ ಎದ್ದು ಹೋದ ಕೂಡಲೇ ಕ್ಷೇತ್ರವೂ ಅವರ ಹಿಂದೆ ನಡೆಯಿತು. ಅವರನ್ನು ಬಯ್ಯುವುದು ಸುಲಭ. ಅವರು ಹೋದ ಮೇಲೂ ನಿಲ್ಲುವಂಥದ್ದನ್ನು ನಮ್ಮವರು ಹಳ್ಳಿಗಳಲ್ಲಿ ಕಟ್ಟಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ಕಷ್ಟ. ಸಾಗರದ ಕಡೆ ಹಾಗಿರಲಿಲ್ಲ. 1951ರಲ್ಲಿ ಕಾಗೋಡಿನ ಗೇಣಿ ರೈತರ ಸತ್ಯಾಗ್ರಹ ಮೊದಲು, 1952ರಲ್ಲಿ ಗೋಪಾಲಗೌಡರ ಗೆಲುವು ಆಮೇಲೆ.

ಎದುರಾಳಿಯಿಂದಲೂ ಕಲಿಯುವುದಕ್ಕೆ ನಾಚಬೇಕಾಗಿಲ್ಲ. ನಾಲ್ಕೂ ತಾಲ್ಲೂಕುಗಳಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಬೇರಿರಲಿಲ್ಲ. ಅದರ ಬಲವೆಲ್ಲ ತುಮಕೂರು, ತಿಪಟೂರು ಕಡೆಗೆ. ಅವರು ಮಾಡಿದ್ದೇನೆಂದರೆ, ಶಿಕ್ಷಣ ಇಲಾಖೆ ಈ ನಾಲ್ಕನ್ನು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಮಾಡಿರುವ ಹಾಗೆ, ತಾವೂ ಮಧುಗಿರಿಯನ್ನೇ ಪ್ರತ್ಯೇಕ ಸಂಘಟನಾ ಜಿಲ್ಲೆ ಮಾಡಿಕೊಂಡರು. ಪಾವಗಡದ ಕಾರ್ಯಕರ್ತ ಒಂದು ಮಾತು ಕೇಳುವುದಕ್ಕೆ ತುಮಕೂರಿಗೆ ಬಸ್ಸು ಹತ್ತಬೇಕಾಗಿಲ್ಲ. ನಮ್ಮಲ್ಲಿ ಇಂದಿಗೂ ಹತ್ತಬೇಕು. ಇದು ಸಣ್ಣ ವಿಷಯವೆಂದು ತಿಳಿಯಬೇಡಿ. ಒಂದು ದಿನದ ಕೂಲಿ ಬಿಟ್ಟು ಬರುವವನಿಗೆ ಅದು ದೊಡ್ಡದು.

ಶಿರಾ ಉಪಚುನಾವಣೆ ನಿಮಗೆಲ್ಲ ನೆನಪಿದೆ. ಶಾಸಕ ಬಿ. ಸತ್ಯನಾರಾಯಣ ಅವರು ತೀರಿಕೊಂಡ ಮೇಲೆ 2020ರ ನವೆಂಬರಿನಲ್ಲಿ ನಡೆಯಿತು. ಬಿ.ವೈ. ವಿಜಯೇಂದ್ರರು ಬಂದು ಬೀಡುಬಿಟ್ಟರು. ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗುವ ಆಳುಗಳಿದ್ದರು. ಮದಲೂರು ಕೆರೆಗೆ ಹೇಮಾವತಿ ನೀರು ತುಂಬಿಸುವ ಮಾತು ಕೊಟ್ಟರು. ಕಾಡುಗೊಲ್ಲರ ಅಭಿವೃದ್ಧಿ ನಿಗಮದ ಘೋಷಣೆಯೂ ಬಂತು. ಆ ಪಕ್ಷ ಮೊಟ್ಟಮೊದಲ ಬಾರಿಗೆ ಅಲ್ಲಿ ಗೆದ್ದಿತು. ಗೆದ್ದವರು ಯಾರು? ಕಾಂಗ್ರೆಸ್ಸಿನ ಮಾಜಿ ಸಂಸದ ಮೂಡಲಗಿರಿಯಪ್ಪನವರ ಮಗ, ವೈದ್ಯ ರಾಜೇಶ್ ಗೌಡರು. ಪಕ್ಷಕ್ಕೆ ಆಗತಾನೆ ಬಂದವರು. 2023ರಲ್ಲಿ ಅದೇ ಕ್ಷೇತ್ರವನ್ನು ಟಿ.ಬಿ. ಜಯಚಂದ್ರರು ಮತ್ತೆ ಕಾಂಗ್ರೆಸ್ಸಿಗೆ ತೆಗೆದುಕೊಂಡರು. ಹೊರಗಿನ ಬೀಡು ಎದ್ದ ಮೇಲೆ ಒಳಗೆ ಎಷ್ಟು ಉಳಿಯಿತೆಂಬುದನ್ನು ಅದರಿಂದ ಲೆಕ್ಕ ಹಾಕಿಕೊಳ್ಳಿ. ಅಂಥ ಬೀಡು ಬಿಡಲು ನಮಗೆ ಹಣವಿಲ್ಲ. ಇದ್ದಿದ್ದರೆ ನಾವೂ ಅದೇ ತಪ್ಪು ಮಾಡುತ್ತಿದ್ದೆವೋ ಏನೋ.

ಹಾಗಾದರೆ ಜನರನ್ನು ಹಿಡಿದಿಟ್ಟಿರುವುದು ಯಾವುದು? ಜಾತಿ ಎನ್ನುತ್ತೀರಿ. ಜಾತಿಯೂ ಹೌದು. ಆದರೆ ನಾನು ಊರೂರು ಸುತ್ತಿ ಕಂಡದ್ದು ಹಂಗು. ಮಧುಗಿರಿ ಸೀಮೆಯ ಒಂದು ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಒಬ್ಬ ತಾಯಿ ಹೇಳಿದರು: "ಓಟು ನಿಮಗೇ ಹಾಕ್ತೀನಿ ಮೇಷ್ಟ್ರೇ. ಬಾವುಟ ಮಾತ್ರ ನಮ್ಮನೆ ಮೇಲೆ ಕಟ್ಟಬ್ಯಾಡಿ. ಸೊಸೈಟಿ ಸಾಲ ತಿರುವಿ ಹಾಕೋದಿದೆ." ಅವರ ಮಗ ನನ್ನ ಬಳಿ ಓದಿದ ಹುಡುಗ. ನಾನು ಬಾವುಟ ಮಡಿಸಿಕೊಂಡು ಬಂದೆ.

ಆ ತಾಯಿಯ ಹೆದರಿಕೆಗೆ ಉತ್ತರ ಘೋಷಣೆಯಲ್ಲ. ಸಹಕಾರ ಸಂಘದಲ್ಲಿ ಆಕೆ ಸದಸ್ಯಳು, ಷೇರು ಹಣ ಕಟ್ಟಿದವಳು. ಬೆಳೆ ಸಾಲಕ್ಕೆ ಬಡ್ಡಿ ಇಲ್ಲದಿರುವುದು ಯಾವ ಅಧ್ಯಕ್ಷರ ಔದಾರ್ಯದಿಂದಲೂ ಅಲ್ಲ. ಸರ್ಕಾರ ಖಜಾನೆಯಿಂದ ತುಂಬುವುದರಿಂದ. 2023ರ ಬಜೆಟ್ಟಿನಲ್ಲಿ ಆ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಇದನ್ನು ಆಕೆಯ ಜಗಲಿಯ ಮೇಲೆ ಕುಳಿತು, ಪಾಸುಪುಸ್ತಕ ತೆರೆದು ಹೇಳುವವನು ಬೇಕು. ಒಂದು ಸಲವಲ್ಲ, ಹತ್ತು ಸಲ. ಸಂಘದ ಚುನಾವಣೆ ಬಂದಾಗ ಮತದಾರರ ಪಟ್ಟಿಯಲ್ಲಿ ಆಕೆಯ ಹೆಸರಿದೆಯೇ ಎಂದು ನೋಡುವವನು ಬೇಕು.

ಗಿರಣಿಯ ಗೆಳೆಯರಿಗೂ ಅದೇ ಮಾತು. ಹತ್ತು ಜನಕ್ಕೆ ಮೇಲ್ಪಟ್ಟು ದುಡಿಯುವ ಕಡೆ ಇ.ಎಸ್.ಐ. ಚೀಟಿ ನಿಮ್ಮ ಹಕ್ಕು. ಎಷ್ಟು ಮಂದಿಯ ಜೇಬಿನಲ್ಲಿದೆ? ಬಸ್ ನಿಲ್ದಾಣದ ಬಳಿ ತಳ್ಳುಗಾಡಿ ಇಟ್ಟವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾನೂನಿದೆ. ಗುರುತಿನ ಚೀಟಿ ಕೊಡಬೇಕು, ಸಮೀಕ್ಷೆ ಮುಗಿಯುವವರೆಗೆ ಎಬ್ಬಿಸಬಾರದು ಎನ್ನುತ್ತದೆ. ಅರ್ಜಿ ಬರೆದುಕೊಡುವುದು ಭಾಷಣದಷ್ಟು ಗೌರವದ ಕೆಲಸವಲ್ಲವೆಂದು ನಮ್ಮ ಕೆಲವು ತರುಣರು ಭಾವಿಸಿದ್ದಾರೆ. ಅವರಿಗೆ ಮೈಕು ಕೊಡಬೇಡಿ, ಲೇಖನಿ ಕೊಡಿ.

ಪಾವಗಡದ ವಿಷಯ ಬೇರೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಿರುಮಣಿ, ವಳ್ಳೂರು ಕಡೆಯ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕು ಬಂತು, 2018ರಲ್ಲಿ ಉದ್ಘಾಟನೆಯಾಯಿತು. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುವ ಸೀಮೆಯಲ್ಲಿ ಅದು ಕೆಟ್ಟದ್ದೆಂದು ನಾನು ಹೇಳಲಾರೆ. ಹೇಳಿದರೆ ಅಲ್ಲಿನ ರೈತ ನಗುತ್ತಾನೆ. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವಳಿಗೆ, ಕಾಯಿ ಬಿಡಿಸುತ್ತಿದ್ದವಳಿಗೆ, ಬಯಲಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಗುತ್ತಿಗೆ ಇಲ್ಲ. ಅವರ ಹೆಸರಿನಲ್ಲಿ ಪಹಣಿಯೇ ಇಲ್ಲ. ನಮ್ಮ ಕೆಲಸ ಅಲ್ಲಿ ಅವರ ಕೇರಿಯಿಂದ ಆರಂಭವಾಗಬೇಕು. ಹೋಗುವವರು ತೆಲುಗು ಬಲ್ಲವರಾಗಿರಲಿ. ಪಾವಗಡದ ಮನೆಗಳಲ್ಲಿ ಕಷ್ಟಸುಖ ತೆಲುಗಿನಲ್ಲಿ ನಡೆಯುತ್ತದೆ. ನಾನು ಕನ್ನಡದಲ್ಲಿ ಅರ್ಧ ಗಂಟೆ ಮಾತನಾಡಿದ ಮೇಲೆ ಒಬ್ಬ ಅಜ್ಜಿ ಪಕ್ಕದವಳನ್ನು "ಈಯನ ಏಮಂಟಾಡು?" ಎಂದು ಕೇಳಿದ್ದನ್ನು ಮರೆತಿಲ್ಲ.

ನಮ್ಮಂಥ ಸಣ್ಣ ಪಕ್ಷಕ್ಕೆ ತಾಲ್ಲೂಕು ಪಂಚಾಯಿತಿಯೇ ಮೊದಲ ಮೆಟ್ಟಿಲು. 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿದಾಗ ಸಕಾಲಕ್ಕೆ ಚುನಾವಣೆ ನಡೆಯಲಿಲ್ಲ. ಯಾವ ಪಕ್ಷದ ಸರ್ಕಾರಕ್ಕೂ ಆತುರವಿದ್ದಂತೆ ಕಾಣಲಿಲ್ಲ. ಮೆಟ್ಟಿಲು ತೆಗೆದಿಟ್ಟು ಅಟ್ಟ ಹತ್ತಿ ಎಂದರೆ ಹೇಗೆ?

ಇನ್ನು ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸ ಬಿಟ್ಟು ಪಕ್ಷಕ್ಕೆ ಬಂದ ಮೊದಲ ಚುನಾವಣೆಯಲ್ಲಿ, ನಾನು ಪಾಠ ಹೇಳಿದ್ದ ಊರಿಗೇ ಜೀಪು, ಮೈಕು ಕಟ್ಟಿಕೊಂಡು ಹೋದೆ. ಹಳೆಯ ವಿದ್ಯಾರ್ಥಿಗಳು ಕಾಫಿ ಕೊಟ್ಟರು. "ಇಷ್ಟು ದಿನ ಎಲ್ಲಿದ್ರಿ, ಮೇಷ್ಟ್ರೇ?" ಎಂದರು. ಶಾಲೆ ಬಿಟ್ಟ ಮೇಲೆ ಎರಡು ವರ್ಷ ಆ ಕಡೆ ತಲೆಹಾಕಿರಲಿಲ್ಲ. ಆ ಊರಿನಲ್ಲಿ ನಮಗೆ ಬಿದ್ದ ಮತಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಅಷ್ಟಾದರೂ ಹೇಗೆ ಬಿದ್ದವೆಂಬುದೇ ಆಶ್ಚರ್ಯ.

ಆದ್ದರಿಂದ ಈ ವರ್ಷ ನಾಲ್ಕು ತಾಲ್ಲೂಕುಗಳಿಗೂ ಹರಡಿಕೊಳ್ಳುವುದು ಬೇಡ. ತಾಲ್ಲೂಕಿಗೆ ಐದೇ ಊರು ಆರಿಸಿ. ಪ್ರತಿ ಸಂತೆಯ ದಿನ ಅದೇ ಜಾಗದಲ್ಲಿ ಒಬ್ಬರು ನಮ್ಮ ಪತ್ರಿಕೆಯ ಕಟ್ಟು, ಅರ್ಜಿ ಕಾಗದ ಇಟ್ಟುಕೊಂಡು ಕೂರಬೇಕು. ಯಾವ ಪಕ್ಷದವನು ಬಂದರೂ ಬರೆದುಕೊಡಿ; ಓಟು ಕೇಳಬೇಡಿ. ಮಧುಗಿರಿಯಲ್ಲಿ ಕೂರುವುದು ನನ್ನ ಪಾಲು. ಶಿರಾಕ್ಕೆ ಇಬ್ಬರು ಒಪ್ಪಿದ್ದಾರೆ. ಪಾವಗಡಕ್ಕೆ ತೆಲುಗು ಬಲ್ಲ ಒಬ್ಬರು ಇನ್ನೂ ಬೇಕು. ಕೊರಟಗೆರೆಯವರು ಸಭೆ ಮುಗಿದ ಮೇಲೆ ಸ್ವಲ್ಪ ನಿಲ್ಲಿ, ಊರುಗಳ ಹೆಸರು ಇವತ್ತೇ ಬರೆದುಕೊಳ್ಳೋಣ.