ಹುಳಿನೀರಿನ ನಿವಾಸಿಗಳು

ಗಣಿಯ ಕೆಲಸ ಮುಗಿದು ಜನರು ಹೊರಟುಹೋದ ಮೇಲೆ ಆ ಹೊಂಡದಲ್ಲಿ ನಿಲ್ಲುವ ನೀರನ್ನು ಕಂಡು, ಇದು ಸತ್ತ ನೀರು ಎಂದು ತೀರ್ಪು ಕೊಡುವುದು ನಮಗೆಲ್ಲ ರೂಢಿಯಾಗಿದೆ. ತರಗತಿಯಲ್ಲಿ ನಾವೂ ಬಹುಕಾಲ ಹಾಗೆಯೇ ಹೇಳಿಕೊಡುತ್ತ ಬಂದೆವು. ಆ ಮಾತು ಎಷ್ಟರಮಟ್ಟಿಗೆ ದಿಟವೆಂಬುದನ್ನು, ಜರ್ಮನಿಯ ಪೂರ್ವಭಾಗದ ಲೌಸಿಟ್ಸ್ ಸೀಮೆಯ ನಿದರ್ಶನದಿಂದ ಈ ದಿನ ಶ್ರೋತೃಗಳೊಡನೆ ವಿಚಾರಮಾಡಬೇಕೆಂದಿದ್ದೇವೆ.

ಲೌಸಿಟ್ಸಿನಲ್ಲಿ ನೂರು ವರ್ಷಗಳಿಗೂ ಮೀರಿ ಕಂದು ಕಲ್ಲಿದ್ದಲನ್ನು ಅಗೆದು ತೆಗೆದರು. ಇದಕ್ಕಾಗಿ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಕೆಡವಲಾಯಿತು; ಸೋರ್ಬರೆಂಬ ಸ್ಲಾವ್ ಜನರ ಎಷ್ಟೋ ಊರುಗಳು ಅವುಗಳಲ್ಲಿ ಸೇರಿದ್ದುವು. 1990ರ ತರುವಾಯ ಬಹುಪಾಲು ಗಣಿಗಳು ಮುಚ್ಚಿದುವು. ನೀರೆತ್ತುವ ಪಂಪುಗಳು ನಿಲ್ಲಲು, ಅಂತರ್ಜಲವು ಮೇಲೇರಿ ಹೊಂಡಗಳು ಸರೋವರಗಳಾದುವು.

ಆದರೆ ಗಣಿಯ ಮಣ್ಣಿನಲ್ಲಿ ಗಂಧಕವೂ ಕಬ್ಬಿಣವೂ ಕೂಡಿದ ಪೈರೈಟ್ ಎಂಬ ಖನಿಜವಿದೆ. ನೆಲದಾಳದಲ್ಲಿ ಹುದುಗಿರುವ ತನಕ ಅದು ನಿರುಪದ್ರವಿ. ಅಗೆದು ಗಾಳಿಗೊಡ್ಡಿದಾಗ ಪ್ರಾಣವಾಯುವೂ ನೀರೂ ಅದರೊಡನೆ ಕೂಡಿ ಗಂಧಕಾಮ್ಲವು ಹುಟ್ಟುತ್ತದೆ. ಕಬ್ಬಿಣವು ನೀರಿಗೆ ಕೆಂಗಂದು ಬಣ್ಣ ಕೊಡುತ್ತದೆ. ಇಂಥ ಕೆಲವು ಸರೋವರಗಳ ಪಿಎಚ್ ಅಂಕವು 3ರ ಆಸುಪಾಸಿನಲ್ಲಿತ್ತು. ಎಂದರೆ ಶುದ್ಧಜಲಕ್ಕಿಂತ ಸುಮಾರು 10,000 ಪಟ್ಟು ಆಮ್ಲತೆ. ಅಲ್ಲಿ ಮೀನು ಬದುಕಲಾರದು. ಸುಣ್ಣದ ಚಿಪ್ಪು ಕಟ್ಟಿಕೊಳ್ಳುವ ಬಸವನಹುಳುವಿಗೂ ಎಡೆಯಿಲ್ಲ.

ಹಾಗಾದರೆ ಆ ನೀರು ಬರಿದೇ? ಅಲ್ಲ. ಅದರ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ತಲೆಯ ಮೇಲಣ ರೋಮಚಕ್ರದಿಂದ ಪಾಚಿಯ ಕಣಗಳನ್ನು ಬಾಯಿಗೆ ಸೆಳೆಯುವ ರೋಟಿಫರ್ ಜೀವಿಗಳು ಕಾಣುತ್ತವೆ. ತಳದ ಕೆಸರಿನಲ್ಲಿ, ಕಚ್ಚದ ಒಂದು ಬಗೆಯ ನುಸಿಯ ಮರಿಹುಳುಗಳಿವೆ. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ನೇ ಈ ವರ್ಗದ ಹುಳುಗಳನ್ನು ಕೆಂಪಾಗಿಸಿ, ಪ್ರಾಣವಾಯು ಕಡಮೆಯಿರುವ ಕೆಸರಿನಲ್ಲಿಯೂ ಅವನ್ನು ಕಾಪಾಡುತ್ತದೆ. ಇನ್ನು, ಹಿಂಗಾಲುಗಳನ್ನು ದೋಣಿಯ ಹುಟ್ಟಿನಂತೆ ಆಡಿಸುತ್ತ ಈಜುವ ನೀರುತಿಗಣೆ! ರೆಕ್ಕೆಯುಳ್ಳ ಇದು ಬೇರೆಡೆಯಿಂದ ಹಾರಿಬಂದು ನೆಲಸುತ್ತದೆ. ಬೇರೆ ಕೆರೆಗಳಲ್ಲಿ ಮೀನಿನ ತುತ್ತಾಗತಕ್ಕ ಈ ಕೀಟವು, ಮೀನಿಲ್ಲದ ಹುಳಿನೀರಿನಲ್ಲಿ ತಾನೇ ದೊಡ್ಡ ಬೇಟೆಗಾರ.

ಮನುಷ್ಯನೂ ಸುಮ್ಮನೆ ಕುಳಿತಿಲ್ಲ. ಸೆನ್ಫ್ಟೆನ್‌ಬೆರ್ಗಿನ ಗಣಿಹೊಂಡವನ್ನು 1967ರಿಂದ 1972ರವರೆಗೆ ತುಂಬಿಸಿ, 1973ರಲ್ಲಿ ಜನರ ಸ್ನಾನವಿಹಾರಕ್ಕೆ ತೆರೆದರು. ಬೇರೆ ಸರೋವರಗಳಿಗೆ ಹಡಗುಗಳಿಂದ ಸುಣ್ಣವನ್ನು ಸುರಿದು ಹುಳಿಯನ್ನು ತಗ್ಗಿಸಿದ್ದಾರೆ. ಹುಳಿ ತಗ್ಗಿದಂತೆಲ್ಲ ಜೀವಜಾತಿಗಳು ಹೆಚ್ಚುತ್ತವೆ. ಮೀನು ಬಂದಿತೆಂದರೆ ನೀರುತಿಗಣೆಯ ದೊರೆತನ ಮುಗಿಯಿತು. ನೆರೆಹೊರೆಯವರ ಕುಡಿಯುವ ನೀರು, ಹೊಳೆಯ ಮೀನು, ಇವುಗಳನ್ನು ನೆನೆದರೆ ಸುಣ್ಣ ಸುರಿಯುವುದು ಬೇಡವೆನ್ನಲಾಗದು. ಆದರೂ ಆ ಪುಟ್ಟ ಪ್ರಜೆಗಳ ಸಂಸಾರವೊಂದು ಅಲ್ಲಿ ನಡೆದಿತ್ತೆಂಬುದನ್ನು ಅರಿತು ಸುರಿಯುವುದು ಲೇಸು.

ಇದರಿಂದ ಎರಡು ಮಾತು ತಿಳಿಯುತ್ತವೆ. ಕಣ್ಣಿಗೆ ಕಾಣದುದರಿಂದಲೇ ಇಲ್ಲವೆನ್ನಬಾರದು, ಇದು ಮೊದಲನೆಯದು. ಹುಳು ಬದುಕಿತೆಂದು ನೆಲವನ್ನು ಕೆಡಿಸಿದವರ ಸಾಲ ತೀರಿತೆಂದೂ ಎಣಿಸಬಾರದು, ಇದು ಎರಡನೆಯದು. ಹೊಂಡಕ್ಕೆ ಜೀವಗಳು ತಾವಾಗಿ ಮರಳಿದುವು. ಕೆಡವಿದ ಹಳ್ಳಿಗಳು ಮರಳಲಿಲ್ಲ.