ಹತ್ತು ಸೆಂಟ್ಸು ಭೂಮಿಯ ಲೆಕ್ಕ

(ಶಾಲೆಯ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಕೃಷಿಯ ವಿಷಯವಾಗಿ ನಾಲ್ಕು ಮಾತನ್ನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದಾಗ ನಾವು ಮೊದಲಿಗೆ ಹಿಂಜರಿದೆವು. ಬೇಸಾಯವನ್ನು ಕೊಂಡಾಡುವ ಭಾಷಣಗಳು ನಮ್ಮಲ್ಲಿ ಬೇಕಾದಷ್ಟಾಗಿವೆ. ಕೊಂಡಾಡಿದವರ ಮಕ್ಕಳು ಮಂಗಳೂರಿಗೋ ಬೆಂಗಳೂರಿಗೋ ಕೊಲ್ಲಿಯ ದೇಶಗಳಿಗೋ ಹೊರಟುಹೋಗಿದ್ದಾರೆ. ಆದುದರಿಂದ ಹೊಗಳಿಕೆಯನ್ನು ಬದಿಗಿರಿಸಿ, ನಮ್ಮ ಕಾಸರಗೋಡಿನ ಸಣ್ಣ ಹಿಡುವಳಿಯೊಂದರಲ್ಲಿ ಹೊಸದಾಗಿ ಕೈಯಿಡುವ ತರುಣನಾಗಲಿ ತರುಣಿಯಾಗಲಿ ಮೊದಲು ಯಾವ ಲೆಕ್ಕವನ್ನು ಹಾಕಬೇಕು ಎಂಬಷ್ಟನ್ನೇ ಅರಿಕೆ ಮಾಡಿಕೊಳ್ಳುತ್ತೇವೆ.

ಲೆಕ್ಕ ನೀರಿನದು. ಮಕ್ಕಳು ಬೇಕಾದರೆ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳಲಿ. ಹತ್ತು ಸೆಂಟ್ಸು ಎಂದರೆ ಸುಮಾರು 405 ಚದರ ಮೀಟರು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 3,500 ಮಿಲಿಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಗುಣಿಸಿ ನೋಡಿದರೆ ಆ ಹತ್ತು ಸೆಂಟ್ಸಿನ ಮೇಲೆ ವರ್ಷಕ್ಕೆ 14 ಲಕ್ಷ ಲೀಟರಿಗೂ ಮೀರಿದ ನೀರು ಸುರಿಯುತ್ತದೆ! ಅದೇ ಜಾಗದಲ್ಲಿ ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಸುಮಾರು 55 ಅಡಿಕೆ ಮರಗಳು ನಿಲ್ಲುತ್ತವೆ. ಬೇಸಗೆಯಲ್ಲಿ ಹನಿ ನೀರಾವರಿಯಿಂದ ಮರವೊಂದಕ್ಕೆ ದಿನಕ್ಕೆ 20 ಲೀಟರು ಕೊಟ್ಟರೂ, ಆರು ತಿಂಗಳಿಗೆ ಬೇಕಾಗುವುದು 2 ಲಕ್ಷ ಲೀಟರಿನಷ್ಟು ಮಾತ್ರ. ಬಿದ್ದದ್ದು 14, ಬೇಕಾದದ್ದು 2. ಆದರೂ ಮಾರ್ಚ್ ತಿಂಗಳಲ್ಲಿ ಬಾವಿಯ ತಳ ಕಾಣುತ್ತದೆ. ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು, ಗುಡ್ಡೆಯಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಓಡಿಬಿಡುವುದೇ ಇದಕ್ಕೆ ಕಾರಣ.

ಈ ಲೆಕ್ಕವನ್ನು ನಾವು ಸರಿಯಾದ ಕಾಲದಲ್ಲಿ ಹಾಕಲಿಲ್ಲವೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿದೆ. ಇಪ್ಪತ್ತೈದರ ಹರೆಯದಲ್ಲಿ, ತಂದೆಯವರನ್ನು ಕಾಡಿ ಪಡೆದ ಮುಕ್ಕಾಲು ಎಕರೆಯಲ್ಲಿ ಒಂದೇ ಮಳೆಗಾಲಕ್ಕೆ ನಾನೂರು ಅಡಿಕೆ ಸಸಿಗಳನ್ನು ನೆಟ್ಟೆವು. ಮಳೆ ನಿಂತ ಮೇಲೆ ತೋಟವು ಕಣ್ಣಿಗೆ ಹಬ್ಬವಾಗಿತ್ತು. ಎರಡನೆಯ ಬೇಸಗೆಯಲ್ಲಿ ಬಾವಿ ಬತ್ತಿತು. ಸಾಲ ಮಾಡಿ ಕೊಳವೆಬಾವಿ ಕೊರೆಯಿಸಿದೆವು, ಅದರಿಂದ ಧೂಳು ಮಾತ್ರ ಮೇಲೆ ಬಂದಿತು. ನಾನೂರರಲ್ಲಿ ಉಳಿದದ್ದು ನೂರಮೂವತ್ತು. ತಂದೆಯವರು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ನಮಗೆ ಈಗಲೂ ಅನಿಸುತ್ತದೆ.

ಓಡುವ ನೀರನ್ನು ನಿಲ್ಲಿಸುವ ವಿದ್ಯೆಯನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಅವರು ಮುರಕಲ್ಲಿನ ಗುಡ್ಡೆಯ ಹೊಟ್ಟೆಯನ್ನು ಅಡ್ಡಲಾಗಿ ಕೊರೆದು ಸುರಂಗ ಮಾಡಿದರು. ಒಬ್ಬ ಮನುಷ್ಯನು ನಡೆದುಹೋಗುವಷ್ಟೇ ಇಕ್ಕಟ್ಟಿನ ಆ ದಾರಿಯಿಂದ ಗುಡ್ಡೆಯೊಳಗೆ ಜಿನುಗುವ ನೀರು ಪಂಪು ವಿದ್ಯುತ್ತುಗಳ ಹಂಗಿಲ್ಲದೆ ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ. ಗಡಿಯಾಚೆಗೆ ಅಡ್ಯನಡ್ಕದ ಬಳಿಯ ಶ್ರೀ ಅಮೈ ಮಹಾಲಿಂಗ ನಾಯ್ಕರ ಹೆಸರನ್ನು ತಾವು ಕೇಳಿರಬಹುದು. ಅವರು ಹಗಲಿಡೀ ಇತರರ ತೋಟದಲ್ಲಿ ಮರವೇರಿ ದುಡಿದು, ಉಳಿದ ಹೊತ್ತಿನಲ್ಲಿ ದೀಪದ ಬೆಳಕಿನಲ್ಲಿ ತಮ್ಮ ಬೋಳುಗುಡ್ಡೆಯನ್ನು ಒಬ್ಬರೇ ಕೊರೆದರು. ಐದು ಸುರಂಗಗಳು ಒಣಗಿಯೇ ಉಳಿದವು. ಆರನೆಯದರಲ್ಲಿ ನೀರು ಸಿಕ್ಕಿತು. ಅಲ್ಲಿ ಅಡಿಕೆ, ತೆಂಗು, ಬಾಳೆ, ಕರಿಮೆಣಸುಗಳು ಬೆಳೆದವು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಎಲ್ಲರೂ ಸುರಂಗ ಕೊರೆಯಿರೆಂದು ನಾವು ಹೇಳುತ್ತಿಲ್ಲ. ಅನುಭವಿಗಳ ಜತೆಯಿಲ್ಲದೆ ಅದಕ್ಕೆ ಕೈಹಾಕುವುದು ಪ್ರಾಣಕ್ಕೇ ಅಪಾಯ. ಆದರೆ ಗುಡ್ಡೆಯಲ್ಲಿ ಇಂಗುಗುಂಡಿ ತೋಡುವುದಕ್ಕೂ, ಮಳೆ ಹಿಂದೆಗೆದ ಮೇಲೆ ನೆರೆಕರೆಯವರೆಲ್ಲ ಕೂಡಿ ತೋಡಿಗೆ ಕಲ್ಲುಮಣ್ಣಿನ ಕಟ್ಟ ಕಟ್ಟುವುದಕ್ಕೂ ಅಷ್ಟು ಅಪಾಯವಿಲ್ಲ. ಏತಡ್ಕದ ಕೃಷಿಕರು ಇಂತಹ ಕಟ್ಟಗಳಿಂದ ಸುತ್ತಲಿನ ಬಾವಿಗಳಲ್ಲಿಯೂ ನೀರನ್ನು ಉಳಿಸಿಕೊಂಡವರು. ಕಟ್ಟಕ್ಕೆ ಬೇಕಾಗುವುದು ನೆರೆಯವನೊಡನೆ ಮಾತು ಬಿಡದೆ ಇರುವುದು. ಗಡಿಕಲ್ಲಿನ ವ್ಯಾಜ್ಯವಿರುವಲ್ಲಿ ಕಟ್ಟ ನಿಂತುದನ್ನು ನಾವು ಕಂಡಿಲ್ಲ.

ಇನ್ನು ಕಾಲದ ಲೆಕ್ಕ. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷಗಳು ಬೇಕು. ಅಷ್ಟು ಕಾಲ ಹೊಸ ಕೃಷಿಕನು ಏನನ್ನುಣ್ಣಬೇಕು? ಬಾಳೆಯು ವರ್ಷದೊಳಗೇ ಗೊನೆ ಕೊಡುತ್ತದೆ. ಅಲಸಂಡೆ, ಬೆಂಡೆ, ಸೌತೆಗಳು ಎರಡು ತಿಂಗಳಲ್ಲಿ ಕೈಗೆ ಬರುತ್ತವೆ. ಮುಂದೆ ಅಡಿಕೆಯ ಮರಕ್ಕೇ ಕರಿಮೆಣಸಿನ ಬಳ್ಳಿಯನ್ನು ಹಬ್ಬಿಸಬಹುದು. ಹಟ್ಟಿಯಲ್ಲಿ ನಮ್ಮ ಊರಿನ ಗಿಡ್ಡ ತಳಿಯ ದನಗಳೆರಡಿದ್ದರೆ ಗೊಬ್ಬರಕ್ಕಾಗಿ ಪೇಟೆಗೆ ಓಡುವುದು ಬಹುಮಟ್ಟಿಗೆ ತಪ್ಪುತ್ತದೆ. ಒಂದೇ ಬೆಳೆಯನ್ನು ನಂಬಿದವನಿಗೆ ಧಾರಣೆ ಬಿದ್ದ ವರ್ಷ, ಕೊಳೆರೋಗ ಬಂದ ವರ್ಷ, ಬೇರೆ ಆಸರೆಯೇ ಇರುವುದಿಲ್ಲ.

ವಿಷದ ಮಾತನ್ನು ಈ ಜಿಲ್ಲೆಯಲ್ಲಿ ವಿಸ್ತರಿಸಿ ಹೇಳಬೇಕಾಗಿಲ್ಲ. ಗೇರುತೋಟಗಳ ಮೇಲೆ ಎರಡು ದಶಕಗಳ ಕಾಲ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2000ದಲ್ಲಿ ಅದು ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಅದರ ಫಲವನ್ನು ಉಣ್ಣುತ್ತಿರುವ ಮನೆಗಳು ಈ ಸಭೆಯಿಂದ ದೂರದಲ್ಲಿಲ್ಲ. ಡಬ್ಬಿಯ ಮೇಲಿನ ಬರಹವನ್ನು ಓದದೆ ಯಾವುದನ್ನೂ ಬೆರೆಸಬೇಡಿರೆಂದು ಮಕ್ಕಳಿಗೆ ಹೇಳುತ್ತೇವೆ. ಪ್ರಸಂಗವಶಾತ್ ಇನ್ನೊಂದು ಮಾತು: ಕೃಷಿಭವನದ ಪ್ರಕಟಣೆಗಳು ಹೆಚ್ಚಾಗಿ ಮಲೆಯಾಳದಲ್ಲಿಯೇ ಬರುತ್ತವೆ. ಕನ್ನಡದಲ್ಲಿಯೂ ಬೇಕೆಂದು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರೋಣ. ಅಷ್ಟರಲ್ಲಿ ಆ ಲಿಪಿಯನ್ನೂ ಕಲಿತುಕೊಳ್ಳಿ. ಸಹಾಯಧನದ ಕೊನೆಯ ದಿನಾಂಕ ನಮಗಾಗಿ ಕಾಯುವುದಿಲ್ಲ. ಕನ್ನಡದಲ್ಲಿ ಓದಲು ಪುತ್ತೂರಿನ ‘ಅಡಿಕೆ ಪತ್ರಿಕೆ’ಯಿದೆ, 1988ರಲ್ಲಿ ಹುಟ್ಟಿದ ಆ ಪತ್ರಿಕೆಗೆ ಕೃಷಿಕರೇ ಬರೆಯುತ್ತಾರೆ.

ಇನ್ನು ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ಈ ಮಾತಿಗಾಗಿಯೇ ನಾವು ಇಲ್ಲಿಗೆ ಬಂದೆವೆಂದರೂ ಸಲ್ಲುತ್ತದೆ. ‘ಮಕ್ಕಳು ತೋಟಕ್ಕೆ ಇಳಿಯುವುದಿಲ್ಲ’ ಎಂದು ನಾವೆಲ್ಲ ದೂರುತ್ತೇವೆ. ಇಳಿದ ಮಗನಿಗೆ ನಾವು ಮಾಡುವುದಾದರೂ ಏನು? ಮೂವತ್ತು ತುಂಬಿದರೂ ಒಂದು ಬಾಳೆಕಂದು ನೆಡುವುದಕ್ಕೆ ಅಪ್ಪನ ಒಪ್ಪಿಗೆ ಬೇಕು. ಅಡಿಕೆ ಮಾರಿದ ಹಣ ಅವನ ಕೈಗೆ ಬರುವುದಿಲ್ಲ. ಮಗಳಾದರೆ ಕೇಳುವ ಗೋಜೇ ಇಲ್ಲ. ಪೇಟೆಯಲ್ಲಿ ಅವರಿಗೆ ಸಿಗುವ ಸಂಬಳ ಕಡಿಮೆಯಾದರೂ ಅದು ಅವರದೇ. ತಾವು ಇಡೀ ಆಸ್ತಿಯನ್ನು ಪಾಲು ಮಾಡಬೇಕಾಗಿಲ್ಲ. ಹತ್ತು ಸೆಂಟ್ಸನ್ನು ತೋರಿಸಿ, ‘ಇದರ ಬೆಳೆ ನಿನ್ನದು, ಲೆಕ್ಕ ನಿನ್ನದು, ಲಾಭನಷ್ಟವೂ ನಿನ್ನದು’ ಎನ್ನಿ. ನಾನೂರು ಸಸಿಗಳಲ್ಲಿ ನಾವು ಮಾಡಿದ ತಪ್ಪನ್ನು ಅವರು ಐವತ್ತರಲ್ಲಿ ಮಾಡಿಕೊಳ್ಳಲಿ.

ಹತ್ತು ಸೆಂಟ್ಸಿನಲ್ಲಿ ಏನಾದೀತು ಎಂಬವರು ಬೆಳ್ಳೂರಿನ ಕಡೆಗೆ ನೋಡಬೇಕು. ಅಲ್ಲಿಯ ಶ್ರೀ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಮಿಕ್ಕಿದ ಭತ್ತದ ತಳಿಗಳನ್ನು ಉಳಿಸಿದ್ದಾರೆ. ‘ರಾಜಕಯಮೆ’ ಎಂಬ ತಳಿಯು ಅವರಿಂದ ಹಲವು ಕಡೆಗಳಿಗೆ ಹಬ್ಬಿತು. 2024ರಲ್ಲಿ ಅವರಿಗೂ ಪದ್ಮಶ್ರೀ ಬಂದಿತು. ಅಷ್ಟೊಂದು ತಳಿಗಳನ್ನು ಅವರು ಬೆಳೆಸಿದ್ದು ವಿಸ್ತಾರವಾದ ಬೈಲುಗಳಲ್ಲಲ್ಲ. ಮಣ್ಣು ತುಂಬಿದ ಚಿಕ್ಕ ಚಿಕ್ಕ ಚೀಲಗಳಲ್ಲಿ.

ಶಾಲೆಯ ಹಿಂಬದಿಯಲ್ಲಿ ಪಾಳುಬಿದ್ದ ಜಾಗವೊಂದಿರುವುದನ್ನು ನಾವು ಬರುವಾಗ ನೋಡಿದೆವು. ಕಣ್ಣಳತೆಯಲ್ಲಿ ಹತ್ತು ಸೆಂಟ್ಸಿಗೆ ಕಡಿಮೆಯಿಲ್ಲ. ಮುಖ್ಯೋಪಾಧ್ಯಾಯರು ಅನುಮತಿಯಿತ್ತಿದ್ದಾರೆ. ನಾವು ತಂದಿರುವ ಈ ಮಳೆಮಾಪಕವನ್ನು ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ಒಪ್ಪಿಸುತ್ತಿದ್ದೇವೆ. ಶಾಲೆ ತೆರೆದ ದಿನದಿಂದ ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಅಳೆದು ಬರೆದಿಡಿ. ರಜೆಯ ದಿನ ಶಾಲೆಗೆ ಸಮೀಪದ ಮನೆಯವರು ಆ ಕೆಲಸ ವಹಿಸಿಕೊಳ್ಳಲಿ. ದಸರೆಯ ರಜೆ ಮುಗಿದ ಬಳಿಕ ನಾವು ಬಂದು ಆ ಪುಸ್ತಕವನ್ನು ನೋಡುತ್ತೇವೆ. ಬರುವಾಗ ಬಾಳೆಕಂದುಗಳನ್ನೂ ತರುತ್ತೇವೆ. ಎಷ್ಟು ತರಬೇಕೆಂಬುದನ್ನು ನೀವೇ ಲೆಕ್ಕ ಹಾಕಿ ತಿಳಿಸಿ.