ಕಣ್ಣಿಗೆ ರೆಪ್ಪೆ

‘ಕಣ್ಣಿಗೆ ರೆಪ್ಪೆಯಂತೆ ಕಾಪಾಡಿದಳು’ ಎಂಬ ಮಾತನ್ನು ನಾವೆಲ್ಲ ಬಳಸುತ್ತೇವೆ. ರೆಪ್ಪೆಗೆ ಯಾರೂ ಅಪ್ಪಣೆ ಕೊಡಬೇಕಾಗಿಲ್ಲ. ಧೂಳಿನ ಕಣವೊಂದು ಹಾರಿಬಂದರೆ ನಾವು ಅರಿಯುವ ಮೊದಲೇ ಅದು ಮುಚ್ಚಿಕೊಳ್ಳುತ್ತದೆ. ಆದರೆ ಪ್ರಕೃತಿ ಈ ರೆಪ್ಪೆಯನ್ನು ಕೊಟ್ಟದ್ದು ಗಾಳಿಯ ಧೂಳಿಗಾಗಿ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಸಾಣೆಚಕ್ರದಿಂದ ಸಿಡಿಯುವ ಉಕ್ಕಿನ ಚೂರಿಗಾಗಿ ಅಲ್ಲ. ಅಲ್ಲಿಗೆ ಬೇರೊಂದು ರೆಪ್ಪೆಯನ್ನು ಮನುಷ್ಯನೇ ಮಾಡಿಕೊಳ್ಳಬೇಕಾಯಿತು.

ನನ್ನ ಸೋದರಮಾವ ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಸಾಣೆ ಹಿಡಿಯುವ ಕೆಲಸದಲ್ಲಿದ್ದರು. ಅಲ್ಲಿ ಕೊಟ್ಟಿದ್ದ ರಕ್ಷಣಾ ಕನ್ನಡಕ ಸದಾ ಅವರ ಅಂಗಿಯ ಜೇಬಿನಲ್ಲಿರುತ್ತಿತ್ತು. ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಮುಖಕ್ಕೆ ಏರುತ್ತಿತ್ತು. ಒಂದು ಮಧ್ಯಾಹ್ನ ಬಲಗಣ್ಣಿಗೆ ಚೂರು ಹೊಕ್ಕಿತು, ದೃಷ್ಟಿ ಹೋಯಿತು. ಪರಿಹಾರ ಕೇಳಲು ಹೋದಾಗ ದೊರೆತ ಉತ್ತರ ಒಂದೇ: “ಕನ್ನಡಕ ಕೊಟ್ಟಿದ್ದೆವು, ನೀವು ಹಾಕಿಕೊಳ್ಳಲಿಲ್ಲ.”

ಈ ಉತ್ತರಕ್ಕೆ ಕಾನೂನಿನ ಆಸರೆಯೂ ಇತ್ತು. ಚೂರು ಸಿಡಿಯುವ ಕೆಲಸಗಳಲ್ಲಿ ತಡೆಪರದೆಯನ್ನೋ ತಕ್ಕ ಕನ್ನಡಕವನ್ನೋ ಒದಗಿಸಬೇಕೆಂದು ೧೯೪೮ರ ಕಾರ್ಖಾನೆಗಳ ಕಾಯಿದೆ ವಿಧಿಸಿತ್ತು. ೧೯೨೩ರ ಕಾರ್ಮಿಕರ ಪರಿಹಾರ ಕಾಯಿದೆಯಾದರೋ, ಒದಗಿಸಿದ ಸಾಧನವನ್ನು ಕಾರ್ಮಿಕನು ಬುದ್ಧಿಪೂರ್ವಕವಾಗಿ ಕಡೆಗಣಿಸಿ ಗಾಯಗೊಂಡನೆಂದು ಸಿದ್ಧವಾದರೆ ಮಾಲೀಕನ ಹೊಣೆ ತಪ್ಪಬಹುದೆಂದಿತ್ತು. ಸಾವು ಸಂಭವಿಸಿದರೆ ಈ ವಾದ ನಿಲ್ಲುತ್ತಿರಲಿಲ್ಲ. ಕಣ್ಣು ಹೋದರೆ ನಿಲ್ಲಬಹುದಿತ್ತು.

‘ಬುದ್ಧಿಪೂರ್ವಕವಾಗಿ’ ಎಂಬ ಆ ಒಂದು ಪದದ ಮೇಲೆ ಮಾವನ ಪರಿಹಾರವೆಲ್ಲ ನಿಂತಿತ್ತು. ನಾನೊಮ್ಮೆ ಆ ಕನ್ನಡಕವನ್ನು ಹಾಕಿ ನೋಡಿದೆ. ಗಾಜಿನ ತುಂಬ ಗೀರು. ಐದು ನಿಮಿಷದಲ್ಲಿ ಬೆವರಿನ ಆವಿ ಮಂಜಿನಂತೆ ಕವಿಯಿತು. ಅವರಿಗೆ ಕೂಲಿ ಸಿಗುತ್ತಿದ್ದುದು ತುಂಡುಗಳ ಎಣಿಕೆಯ ಮೇಲೆ. ಕನ್ನಡಕ ಒರೆಸಿದಷ್ಟೂ ಎಣಿಕೆ ಇಳಿಯುತ್ತಿತ್ತು. ಇದಿಷ್ಟೇ ಎಂದರೆ ಪೂರ್ಣ ಸತ್ಯವಾಗದು. ಕನ್ನಡಕ ಹೊಸಬರಿಗೆ, ಪಳಗಿದ ಕೈಗಲ್ಲ ಎಂಬ ಒಣ ಅಭಿಮಾನವೂ ತಮಗಿತ್ತೆಂದು ಮಾವನೇ ಒಪ್ಪಿಕೊಂಡಿದ್ದರು.

ಕಣ್ಣಿನ ಗಾಯ ಕ್ಷಣದಲ್ಲಿ ಕಾಣುತ್ತದೆ. ಶ್ವಾಸಕೋಶದ ಗಾಯ ವರ್ಷಗಟ್ಟಲೆ ಅಡಗಿರುತ್ತದೆ. ೨೦೦೧ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕಿಳಿದು ಬೆಣಚುಕಲ್ಲು ಕೊರೆದವರ ಎದೆಯೊಳಗೆ ಸಿಲಿಕಾ ಧೂಳು ನೆಲೆನಿಂತು ಸಿಲಿಕೋಸಿಸ್ ಎಂಬ ರೋಗವಾಯಿತು. ಆ ರೋಗವನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಎದೆಯ ಆಳಕ್ಕೆ ಇಳಿಯುವ ಕಣ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಮೂಗಿಗೆ ಕಟ್ಟಿದ ಟವೆಲ್ಲು ಅದನ್ನು ತಡೆಯಲಾರದು. ಮುಖಕ್ಕೆ ಬಿಗಿಯಾಗಿ ಕೂರುವ, ಸೋಸುವ ಪದರವುಳ್ಳ ಮುಖಗವಸು ತಡೆಯಬಲ್ಲದು. ಆದರೆ ಭೂಗರ್ಭದ ಆ ಸೆಕೆಯಲ್ಲಿ ಅದನ್ನು ತೊಟ್ಟು ದುಡಿಯುವುದು ಸುಲಭವೆ? ಆದ್ದರಿಂದಲೇ ಕೊರೆಯುವಾಗ ನೀರು ಹಾಯಿಸಿ ಧೂಳು ಏಳದಂತೆ ಮಾಡುವುದು ಮೊದಲ ಕೆಲಸ. ಎದ್ದದ್ದನ್ನು ಗಾಳಿಯಂತ್ರದಿಂದ ಹೊರಹಾಕುವುದು ಎರಡನೆಯದು. ಮುಖಗವಸು ಕೊನೆಯ ಕಾವಲು. ಮೊದಲೆರಡನ್ನು ಬಿಟ್ಟು ಅದೊಂದನ್ನೇ ಕೈಗಿಡುವುದು, ಕೋಟೆಯ ಬಾಗಿಲು ತೆರೆದಿಟ್ಟು ಸಿಪಾಯಿಗೆ ಗುರಾಣಿ ಕೊಟ್ಟಂತೆ.

೨೦೨೦ರ ಮಹಾಮಾರಿಯಲ್ಲಿ ನಾವೆಲ್ಲ ಮುಖಗವಸು ತೊಟ್ಟೆವು. ತರಕಾರಿ ಅಂಗಡಿಯ ಅರ್ಧ ಗಂಟೆಯಲ್ಲೇ ಅದನ್ನು ಗದ್ದಕ್ಕೆ ಇಳಿಸಿಕೊಂಡವರೆಷ್ಟು ಮಂದಿ! ಎಂಟು ಗಂಟೆ ಅದನ್ನು ತೊಟ್ಟು ದುಡಿಯಬೇಕಾದವನನ್ನು ಅಸಡ್ಡೆಯವನೆಂದು ಜರೆಯುವ ಮುನ್ನ ನಾವು ಅದನ್ನು ನೆನೆಯಬೇಕು.

ಮಾವ ಎರಡು ವರ್ಷ ಅಲೆದು ಅಲ್ಪಸ್ವಲ್ಪ ಹಣ ಪಡೆದರು. ಮುಂದೆ ಅವರ ಮಗನೂ ಲೇತಿನ ಕೆಲಸಕ್ಕೆ ಸೇರಿದ. ಅವನ ಮೊದಲ ಕನ್ನಡಕ ಕೊಳ್ಳಲು ಮಾವ ತಾವೇ ಅಂಗಡಿಗೆ ಬಂದರು. ನಾಲ್ಕಾರು ಹಾಕಿಸಿ, ಮೂಗಿನ ಮೇಲೆ ಒತ್ತುತ್ತದೆಯೆ, ಕಿವಿಯ ಹಿಂದೆ ಉಜ್ಜುತ್ತದೆಯೆ ಎಂದು ಮತ್ತೆ ಮತ್ತೆ ಕೇಳಿದರು. ಅಂಗಡಿಯವನು ಬೇಸರಗೊಂಡ. ಮಾವ ಅವನಿಗೆ ಮೆಲ್ಲನೆ ಹೇಳಿದರು: “ಒತ್ತಿದರೆ ಇವನೂ ಜೇಬಿನಲ್ಲಿಟ್ಟುಕೊಳ್ಳುತ್ತಾನಪ್ಪ.”